ಏಪ್ರಿಲ್ 27, ಭಾನುವಾರ: ಹಾಲ್‌ನಲ್ಲಿರುವ ಫೋಟೋ

ಇವತ್ತು ಅಕ್ಕನ ಮಗ ಮನು ಮೇಲೆ ರೇಗಿಬಿಟ್ಟೆ. ಬೆಳಿಗ್ಗೆಯಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ.

ಹಕ್ಕಿ ಫೋಟೋ ತೆಗೆಯೋಕೆ ಆರು ಗಂಟೆಗೆಲ್ಲ ತುಮಕೂರಿನ ಹತ್ತಿರದ ನಾಮದ ಚಿಲುಮೆಯಲ್ಲಿದ್ದೆವು. ಅಕ್ಕ ಅವನಿಗೆ ಹೊಸ ಲೆನ್ಸ್ ಕೊಡಿಸಿದ್ದಾಳಲ್ಲ, ದೂರದ್ದನ್ನು ಹತ್ತಿರ ತೋರಿಸುವ 150-600, ಅದಕ್ಕೆ ಮೊದಲ ಭಾನುವಾರ. ಈ ಬೇಸಿಗೆಯಲ್ಲೂ ಚಿಲುಮೆಯ ನೀರು ಬತ್ತಿಲ್ಲ. ನೀರಿದ್ದ ಕಡೆ ಹುಳ, ಹುಳ ಇದ್ದ ಕಡೆ ನೊಣಹಿಡುಕ ಹಕ್ಕಿಗಳು. ಹೋದ ವಾರದ ಮಳೆಗೆ ಮರಗಳೆಲ್ಲ ಚಿಗುರಿವೆ. ನೋಡೋಕೆ ಚೆಂದ, ಫೋಟೋಗೆ ಕಷ್ಟ. ಎಲೆ ಜಾಸ್ತಿ, ಬೆಳಕು ಕಮ್ಮಿ.

ಮೊದಲು ಸಿಕ್ಕಿದ್ದು ಬೀಸಣಿಗೆ ನೊಣಹಿಡುಕ. ಬಾಲ ಬಿಚ್ಚಿಕೊಂಡು ಆ ಕೊಂಬೆಯಿಂದ ಈ ಕೊಂಬೆಗೆ ಕುಣಿಯುತ್ತಿತ್ತು, ಒಂದು ಗಳಿಗೆ ನಿಲ್ಲಲಿಲ್ಲ. ಮನು ಅದರ ಹಿಂದೆಯೇ ಲೆನ್ಸ್ ತಿರುಗಿಸಿ ತಿರುಗಿಸಿ ಇನ್ನೂರು ಚಿಲ್ಲರೆ ಫ್ರೇಮ್ ಹೊಡೆದ. ಎಲ್ಲದರಲ್ಲೂ ಬರೀ ಕೊಂಬೆ, ಇಲ್ಲವೇ ಬಾಲದ ತುದಿ. ಶಟರ್ ವೇಗ ನೋಡಿದರೆ ಸೆಕೆಂಡಿನ 1/250ರಲ್ಲಿದೆ. 1/1600ಕ್ಕಾದರೂ ಏರಿಸು, ಕಮ್ಮಿ ಬೆಳಕಿಗೆ ಏರಿಸುವ ಐಎಸ್‌ಒ 3200 ದಾಟಿದರೆ ದಾಟಲಿ, ನಾಯ್ಸ್ ಅಂದರೆ ಕಾಳು ಕಾಳು ಬಂದರೆ ಮನೆಗೆ ಹೋಗಿ ಸರಿ ಮಾಡಬಹುದು, ಅಲುಗಿದ ಫೋಟೋವನ್ನು ಏನೂ ಮಾಡೋಕಾಗಲ್ಲ ಅಂದೆ. ಹಕ್ಕಿಯ ಹಿಂದೆ ಓಡಬೇಡ, ಅದು ಕೂರುವ ಜಾಗ ನೋಡಿಕೋ ಅಂತಲೂ ಹೇಳಿದೆ. ನೊಣಹಿಡುಕಗಳಿಗೆ ಸಾಮಾನ್ಯವಾಗಿ ಇಷ್ಟದ ಒಂದು ಕಡ್ಡಿ ಇರುತ್ತದೆ. ಹಾರಿ ಹುಳ ಹಿಡಿದು ಎಷ್ಟೋ ಸಲ ಅಲ್ಲಿಗೇ ವಾಪಸ್ ಬರುತ್ತವೆ. ಆ ಕಡ್ಡಿಗೆ ಫೋಕಸ್ ಇಟ್ಟು ಕಾಯಬೇಕು.

ಕಾಯುವುದೇ ಅವನಿಗೆ ಆಗುವುದಿಲ್ಲ. ಹತ್ತೊಂಬತ್ತು ವಯಸ್ಸು.

ನೀರು ಕುಡಿಯೋಣ ಅಂತ ಬೈಕ್ ಹತ್ತಿರ ಹೋಗಿದ್ದೆ. ವಾಪಸ್ ಬರುವಾಗ ಬಿದಿರು ಮೆಳೆ ಕಡೆಯಿಂದ ಟಿಕೆಲ್ ನೀಲಿ ನೊಣಹಿಡುಕದ ಹಾಡು ಕೇಳಿತು. ಖುಷಿಯಾಗಿ ಬೇಗ ಬೇಗ ಹೆಜ್ಜೆ ಹಾಕಿದೆ. ಇನ್ನೊಂದು ಸಲ ಕೇಳಿತು. ಮೂರನೇ ಸಲ ಗೊತ್ತಾಯಿತು. ಅದೇ ಹಾಡು, ಅದೇ ಅಳತೆ, ಹಿಂದೆ ಅದೇ ಗಾಳಿಯ ಸದ್ದು. ಹಕ್ಕಿಯನ್ನು ಕರೆಯೋಕೆ ಮನು ಹಾಕಿದ್ದ ರೆಕಾರ್ಡಿಂಗ್. ಮೊಬೈಲ್.

ಹಕ್ಕಿ ಬಂದಿತ್ತು. ಮನುವಿನಿಂದ ಆರೇಳು ಅಡಿ ದೂರದಲ್ಲಿ, ಒಣಗಿದ ಕಡ್ಡಿಯ ಮೇಲೆ. ಗಂಡು. ನೀಲಿ ಬೆನ್ನು, ಕಿತ್ತಳೆ ಎದೆ, ಹೊಟ್ಟೆ ಬಿಳಿ. ಮೊಬೈಲ್ ಇಟ್ಟಿದ್ದ ಬಂಡೆಯನ್ನೇ ನೋಡುತ್ತಿತ್ತು. ಬಾಲ ಪಟಪಟ ಆಡಿಸುತ್ತಾ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ತಿರುಗುತ್ತಿತ್ತು, ಆದರೆ ಕಡ್ಡಿ ಬಿಡುತ್ತಿರಲಿಲ್ಲ. ಕೊಕ್ಕಿನಲ್ಲಿ ಒಂದು ಹಸಿರು ಹುಳ. ಇನ್ನೂ ಹೊರಳುತ್ತಿತ್ತು.

“ಮಾವ, ಬಾಯಲ್ಲಿ ಹುಳ ಇದೆ! ಸಕತ್ ಶಾರ್ಪ್ ಬಂದಿದೆ ನೋಡಿ!”

“ಮೊದಲು ಅದನ್ನ ಆಫ್ ಮಾಡು.”

ಹುಳ ನುಂಗದೆ ಕೊಕ್ಕಲ್ಲೇ ಇಟ್ಟುಕೊಂಡಿದೆ ಅಂದರೆ ಅದು ತನಗಲ್ಲ ಕಣೋ, ಗೂಡಲ್ಲಿ ಯಾರಿಗೋ ಒಯ್ಯುತ್ತಿತ್ತು, ದಾರಿಯಲ್ಲಿ ನೀನು ನಿಲ್ಲಿಸಿದೆ ಅಂದೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಇವು ಮರಿ ಮಾಡುವ ಕಾಲ ಅಂತ ನಿನಗೆ ಗೊತ್ತಿಲ್ವಾ ಅಂದೆ. ಎರಡು ನಿಮಿಷ ತಾನೆ ಮಾವ ಅಂದ. ನಮಗೆ ಎರಡು ನಿಮಿಷ. ನಾವು ಹೋದ ಮೇಲೆ ಇನ್ನೊಬ್ಬ ಬರುತ್ತಾನೆ, ಅವನಿಗೂ ಎರಡು ನಿಮಿಷ. ತನ್ನ ಜಾಗಕ್ಕೆ ಬೇರೆ ಗಂಡು ನುಗ್ಗಿದೆ ಅಂತ ಜಗಳಕ್ಕೆ ಬಂದಿದೆ ಅದು, ನೋಡಿದರೆ ಯಾರೂ ಇಲ್ಲ. ಬೆಳಗೆಲ್ಲ ಇಲ್ಲದವನನ್ನು ಓಡಿಸುತ್ತಾ ಕೂತರೆ ಹುಳ ಹಿಡಿಯೋದು ಯಾವಾಗ, ಮರಿ ತಿನ್ನೋದು ಯಾವಾಗ? ದನಿ ಜೋರಾಗಿತ್ತು. ಹಕ್ಕಿ ಯಾವಾಗ ಹಾರಿಹೋಯಿತೋ ನೋಡಲೇ ಇಲ್ಲ.

ಮನು ಲೆನ್ಸ್‌ಗೆ ಮುಚ್ಚಳ ಹಾಕಿದ. ಬ್ಯಾಗಿನ ಜಿಪ್ ಎಳೆದ. ಆಮೇಲೆ ಮೆಲ್ಲಗೆ, ಮುಖ ನೋಡದೆ ಕೇಳಿದ. “ಹಾಲ್‌ನಲ್ಲಿ ಹಾಕಿದೀರಲ್ಲ ಮಾವ, ಅದನ್ನ ಹೆಂಗೆ ತೆಗೆದ್ರಿ?”

ಅದನ್ನು ತೆಗೆದದ್ದು 2019ರಲ್ಲಿ. ಅವತ್ತು ಮೊಬೈಲ್ ಹಿಡಿದು ಪೊದೆ ಹಿಂದೆ ಕೂತಿದ್ದವನು ಅವನೇ. ಏಳನೇ ಕ್ಲಾಸ್. ನಾನು ಕೈ ಮಾಡಿದಾಗ ಒತ್ತಬೇಕು ಅಂತ ಹೇಳಿಕೊಟ್ಟಿದ್ದೆ.

ಉತ್ತರ ಕೊಡಲಿಲ್ಲ. ಬರುವಾಗ ಸುತ್ತು ಹಾಕಿ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನದೆ ಯಾವತ್ತೂ ಮನೆಗೆ ಹೋದವರಲ್ಲ ನಾವು. ಇವತ್ತು ಇಬ್ಬರೂ ಅದರ ಮಾತೆತ್ತಲಿಲ್ಲ. ಬೆಳಗುಂಬ ದಾಟಿ ನೇರ ಮನೆ.

ಸಂಜೆ ಅಕ್ಕ ಫೋನ್ ಮಾಡಿದ್ದಳು. ಮಧ್ಯಾಹ್ನ ಊಟಾನೂ ಸರಿಯಾಗಿ ಮಾಡಿಲ್ಲ, ಏನಾಯ್ತು ಅಂದಳು. ಬಿಸಿಲಿಗೆ ಸುಸ್ತಾಗಿರಬೇಕು ಅಂದೆ. ಸುಳ್ಳು.

ಈಗ ಕುರ್ಚಿ ಎಳೆದುಕೊಂಡು ಆ ಫೋಟೋದ ಮುಂದೆ ಕೂತಿದ್ದೇನೆ. ಬಂದವರೆಲ್ಲ ಎಂಥ ಪೋಸ್ ಅಂತ ಹೊಗಳುವ ಫೋಟೋ. ಇದೇ ಜಾತಿಯ ಹಕ್ಕಿ. ಕೊರಳಿನ ಪುಕ್ಕ ಎದ್ದು ನಿಂತಿದೆ, ಕೊಕ್ಕು ತೆರೆದಿದೆ. ಹಾಡುತ್ತಿದೆ ಅಂತಲೇ ಆರು ವರ್ಷದಿಂದ ಎಲ್ಲರಿಗೂ ಹೇಳಿಕೊಂಡು ಬಂದೆ, ನಾನೂ ಹಾಗೇ ನಂಬಿದ್ದೆ. ಕಣ್ಣು ಕ್ಯಾಮೆರಾ ಕಡೆಗಿಲ್ಲ. ಕೆಳಗೆ, ಎಡಕ್ಕೆ ನೋಡುತ್ತಿದೆ. ಮನು ಕೂತಿದ್ದ ಕಡೆಗೆ.

ಅವನಿಗೆ ಫೋನ್ ಮಾಡೋಣ ಅಂತ ಎರಡು ಸಲ ನಂಬರ್ ತೆಗೆದೆ. ಏನಂತ ಶುರು ಮಾಡೋದು, ಮುಂದಿನ ಭಾನುವಾರ ಬರ್ತೀಯಾ ಅಂತಲಾ, ಅಥವಾ ಮೊದಲು