1080ಪಿ ಮಾನಿಟರ್‌ಗೆ ದುಬಾರಿ ಗ್ರಾಫಿಕ್ಸ್ ಕಾರ್ಡ್ ಹಾಕಿಸುವ ಮುಂಚೆ

ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ, ಗೇಮಿಂಗ್ ಪಿಸಿ ಕಟ್ಟಿಸುವವರ ಪಟ್ಟಿ ಸಾಮಾನ್ಯವಾಗಿ ಗ್ರಾಫಿಕ್ಸ್ ಕಾರ್ಡ್‌ನಿಂದಲೇ ಶುರುವಾಗುತ್ತದೆ. ದುಡ್ಡಿನ ದೊಡ್ಡ ಪಾಲು ಅಲ್ಲಿಗೇ ಹೋಗುತ್ತದೆ. ಮಿಕ್ಕಿದ್ದರಲ್ಲಿ ಪ್ರೊಸೆಸರ್, ರ‍್ಯಾಮ್, ಎಸ್‌ಎಂಪಿಎಸ್ (ಕರೆಂಟ್ ಪೂರೈಸುವ ಡಬ್ಬ) ಹೊಂದಿಸಿಕೊಳ್ಳುತ್ತಾರೆ. ಮಾನಿಟರ್ ಮಾತ್ರ ಮನೆಯಲ್ಲಿ ಮೊದಲಿಂದಲೂ ಇರುವ 24 ಇಂಚಿನ 1080ಪಿ. ಈ ಪಟ್ಟಿ ಹಿಂದುಮುಂದಾಗಿದೆ. ಎಷ್ಟು ದೊಡ್ಡ ಕಾರ್ಡ್ ಬೇಕು ಅನ್ನುವುದನ್ನು ಮಾನಿಟರ್ ಹೇಳಬೇಕು, ಎಷ್ಟು ದೊಡ್ಡ ಕಾರ್ಡನ್ನು ದುಡಿಸಿಕೊಳ್ಳಲು ಸಾಧ್ಯ ಅನ್ನುವುದನ್ನು ಪ್ರೊಸೆಸರ್ ಹೇಳಬೇಕು. ಇವೆರಡನ್ನೂ ವಿಚಾರಿಸದೆ 1080ಪಿಗಾಗಿ ಎನ್‌ವಿಡಿಯಾದ ಆರ್‌ಟಿಎಕ್ಸ್ 4080, 4090, 5080 ಮಟ್ಟದ ಕಾರ್ಡ್ ಕೊಳ್ಳುವುದು, ಒಂದೆರಡು ಸಂದರ್ಭ ಬಿಟ್ಟರೆ, ದುಡ್ಡು ದಂಡ.

1080ಪಿ ಪರದೆಯಲ್ಲಿ 1920×1080, ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್ (ಚಿತ್ರದ ಚುಕ್ಕಿ). 1440ಪಿಯಲ್ಲಿ 2560×1440, ಅಂದರೆ 36.9 ಲಕ್ಷ. 4ಕೆಗೆ ಹೋದರೆ 82.9 ಲಕ್ಷ, ಅಂದರೆ 1080ಪಿಯ ನಾಲ್ಕು ಪಟ್ಟು. ಪಿಕ್ಸೆಲ್ ಹೆಚ್ಚಿದ ಹಾಗೆ ಕಾರ್ಡ್‌ನ ಕೆಲಸವೂ ಹೆಚ್ಚುತ್ತದೆ. ಪ್ರೊಸೆಸರ್‌ನ ಕೆಲಸ ಹಾಗಲ್ಲ. ಪಾತ್ರಗಳು ಎಲ್ಲಿ ನಡೆಯಬೇಕು, ಗುಂಡು ಎಲ್ಲಿ ತಾಗಿತು, ಈ ಫ್ರೇಮ್‌ನಲ್ಲಿ (ಪರದೆಗೆ ಬರುವ ಒಂದೊಂದು ಚಿತ್ರ) ಯಾವ ಯಾವ ವಸ್ತು ಬಿಡಿಸಬೇಕು ಎಂದು ಕಾರ್ಡ್‌ಗೆ ಆದೇಶ ಕೊಡುವುದು, ಇವೆಲ್ಲ 720ಪಿಯಲ್ಲೂ 4ಕೆಯಲ್ಲೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ರೆಸಲ್ಯೂಷನ್, ಅಂದರೆ ಪಿಕ್ಸೆಲ್ ಸಂಖ್ಯೆ ಇಳಿದಷ್ಟೂ ಭಾರ ಪ್ರೊಸೆಸರ್ ಕಡೆ ವಾಲುತ್ತದೆ.

ಇದನ್ನು ಮಿಲಿಸೆಕೆಂಡಿನಲ್ಲಿ ನೋಡಿದರೆ ಚೆನ್ನಾಗಿ ಅರ್ಥವಾಗುತ್ತದೆ. 60 ಹರ್ಟ್ಜ್, ಅಂದರೆ ಸೆಕೆಂಡಿಗೆ 60 ಫ್ರೇಮ್ ತೋರಿಸುವ ಮಾನಿಟರ್‌ನಲ್ಲಿ ಒಂದು ಫ್ರೇಮ್‌ಗೆ ಸಿಗುವ ಸಮಯ 16.7 ಮಿಲಿಸೆಕೆಂಡ್. 144 ಹರ್ಟ್ಜ್‌ಗೆ 6.9. 240 ಹರ್ಟ್ಜ್‌ಗೆ ಬರೀ 4.2. ಒಂದು ಗೇಮ್‌ನಲ್ಲಿ ನಿಮ್ಮ ಪ್ರೊಸೆಸರ್ ಒಂದು ಫ್ರೇಮ್ ಸಿದ್ಧಮಾಡಲು 9 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ ಅಂದುಕೊಳ್ಳಿ. ಆಗ ಸೆಕೆಂಡಿಗೆ 111 ಫ್ರೇಮ್ ದಾಟುವುದು ಯಾವ ಕಾರ್ಡ್‌ನಿಂದಲೂ ಆಗದು. ತನ್ನ ಪಾಲಿನ ಕೆಲಸವನ್ನು 8 ಮಿಲಿಸೆಕೆಂಡಿನಲ್ಲಿ ಮುಗಿಸುವ ಮಧ್ಯಮ ಕಾರ್ಡ್ ಹಾಕಿದರೂ 111, 3 ಮಿಲಿಸೆಕೆಂಡಿನಲ್ಲಿ ಮುಗಿಸುವ ದುಬಾರಿ ಕಾರ್ಡ್ ಹಾಕಿದರೂ 111. ಎರಡನೆಯದು ಪ್ರತಿ ಫ್ರೇಮ್‌ಗೂ 6 ಮಿಲಿಸೆಕೆಂಡ್ ಸುಮ್ಮನೆ ಕಾಯುತ್ತದೆ. ಕನ್ನಂಬಾಡಿ ಭರ್ತಿಯಾಗಿದ್ದರೂ ತೂಬು ಬಿಟ್ಟಷ್ಟೇ ನೀರು ಗದ್ದೆಗೆ.

ಹಳೆಯ ಪ್ರೊಸೆಸರ್ ಇದ್ದರೆ ಇನ್ನೂ ಒಂದು ತೊಡಕಿದೆ. ಡೈರೆಕ್ಟ್‌ಎಕ್ಸ್ 12 (ಗೇಮ್ ಕಾರ್ಡ್‌ನೊಡನೆ ಮಾತಾಡುವ ವಿಂಡೋಸ್ ವ್ಯವಸ್ಥೆ) ಬಳಸುವ ಹಲವು ಗೇಮ್‌ಗಳಲ್ಲಿ ಎನ್‌ವಿಡಿಯಾ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ), ಎಎಂಡಿ ಡ್ರೈವರ್‌ಗಿಂತ ಪ್ರೊಸೆಸರ್‌ಗೆ ಹೆಚ್ಚು ಕೆಲಸ ಕೊಡುತ್ತದೆ. ರೈಜನ್ 5 2600 ತರಹದ ಪ್ರೊಸೆಸರ್ ಜೊತೆ 1080ಪಿಯಲ್ಲಿ ಆಡುವಾಗ, ಕಡಿಮೆ ಬೆಲೆಯ ಎಎಂಡಿ ಕಾರ್ಡ್ ದುಬಾರಿ ಎನ್‌ವಿಡಿಯಾ ಕಾರ್ಡ್‌ಗಿಂತ ಹೆಚ್ಚು ಫ್ರೇಮ್ ಕೊಡುವುದುಂಟು. ಇಂಟೆಲ್ ಆರ್ಕ್ ಬಿ580 ಈ ವಿಷಯದಲ್ಲಿ ಇನ್ನೂ ಸೂಕ್ಷ್ಮ. 12ಜಿಬಿ ಮೆಮೊರಿ ಇರುವ ಒಳ್ಳೆಯ ಕಾರ್ಡ್ ಅದು, ಆದರೆ ಹಳೆಯ ಪ್ರೊಸೆಸರ್ ಜೊತೆ ಬಹಳ ಹಿಂದೆ ಬೀಳುತ್ತದೆ. ರೀಸೈಜಬಲ್ ಬಾರ್ (ಪ್ರೊಸೆಸರ್ ಕಾರ್ಡ್‌ನ ಮೆಮೊರಿಯನ್ನೆಲ್ಲ ಒಟ್ಟಿಗೇ ತಲುಪುವ ಸೌಲಭ್ಯ) ಇಲ್ಲದ ಮದರ್‌ಬೋರ್ಡ್‌ಗಂತೂ ಅದನ್ನು ಹಾಕಲೇಬಾರದು.

ನಿಮ್ಮ ಪಿಸಿಯಲ್ಲಿ ತೂಬು ಎಲ್ಲಿದೆ ಎಂದು ತಿಳಿಯಲು ಯಾರನ್ನೂ ಕೇಳಬೇಕಿಲ್ಲ, ಖರ್ಚೂ ಇಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ, ಅಂಕಿಗಳನ್ನು ಗೇಮ್ ಮೇಲೆ ತೋರಿಸುವ ರಿವಾಟ್ಯೂನರ್ ಅದರ ಜೊತೆಗೇ ಬರುತ್ತದೆ. ಮಾನಿಟರಿಂಗ್ ವಿಭಾಗದಲ್ಲಿ ಜಿಪಿಯು ಯೂಸೇಜ್ (ಕಾರ್ಡ್ ಎಷ್ಟು ದುಡಿಯುತ್ತಿದೆ), ಮೆಮೊರಿ ಯೂಸೇಜ್, ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಫ್ರೇಮ್), ಫ್ರೇಮ್‌ಟೈಮ್ (ಒಂದು ಫ್ರೇಮ್‌ಗೆ ಹಿಡಿದ ಸಮಯ) ಆರಿಸಿ, ಪ್ರತಿಯೊಂದಕ್ಕೂ ಆನ್‌ಸ್ಕ್ರೀನ್ ಡಿಸ್‌ಪ್ಲೇ ಟಿಕ್ ಮಾಡಿ. ಫ್ರೇಮ್‌ಟೈಮನ್ನು ಅಂಕಿಯ ಬದಲು ಗ್ರಾಫ್ ಆಗಿ ಇಟ್ಟುಕೊಳ್ಳಿ. ವಿ-ಸಿಂಕ್ (ಫ್ರೇಮ್‌ಗಳನ್ನು ಮಾನಿಟರ್ ವೇಗಕ್ಕೆ ಕಟ್ಟಿಹಾಕುವುದು), ಫ್ರೇಮ್ ಮಿತಿ, ಫ್ರೇಮ್ ಜನರೇಷನ್ (ನಡುನಡುವೆ ಕೃತಕ ಫ್ರೇಮ್ ಸೇರಿಸುವುದು) ಮೂರನ್ನೂ ಆಫ್ ಮಾಡಿ, ನೀವು ಆಡುವ ಗೇಮ್‌ನ ಅತಿ ಭಾರದ ಜಾಗಕ್ಕೆ ಹೋಗಿ: ಜನಜಂಗುಳಿಯ ಬೀದಿ, ದೊಡ್ಡ ಕಾದಾಟ. ಖಾಲಿ ಕೋಣೆಯಲ್ಲಿ ನಿಂತು ನೋಡಿದ ಅಂಕಿಗೆ ಬೆಲೆಯಿಲ್ಲ. ಜಿಪಿಯು ಯೂಸೇಜ್ 95ರಿಂದ 99ರ ನಡುವೆ ನಿಂತಿದ್ದರೆ ಕಾರ್ಡೇ ಮಿತಿ, ದೊಡ್ಡ ಕಾರ್ಡ್ ಹಾಕಿದರೆ ಲಾಭ ಕಾಣುತ್ತದೆ. 60, 70ರಲ್ಲಿ ಓಲಾಡುತ್ತಿದ್ದರೆ ಕಾರ್ಡ್ ಕಾಯುತ್ತಿದೆ. ಆಗ ರೆಸಲ್ಯೂಷನ್ 1280×720ಕ್ಕೆ ಇಳಿಸಿ ಅದೇ ಜಾಗದಲ್ಲಿ ಮತ್ತೆ ನೋಡಿ. ಪಿಕ್ಸೆಲ್ ಅರ್ಧಕ್ಕಿಂತ ಕಡಿಮೆಯಾದರೂ ಫ್ರೇಮ್‌ರೇಟ್ ಕದಲದಿದ್ದರೆ, ಹೊಸ ಕಾರ್ಡ್ ತಂದರೂ ಇದೇ ಅಂಕಿ ಕಾಣುತ್ತೀರಿ.

ಇಲ್ಲಿ ಬಹಳ ಜನ ಎಡವುವುದು ಸಿಪಿಯು ಯೂಸೇಜ್, ಅಂದರೆ ಪ್ರೊಸೆಸರ್ ಬಳಕೆಯ ಅಂಕಿ ನೋಡಿ. 'ಸಿಪಿಯು 45% ಅಷ್ಟೇ ಇದೆ, ಅದು ಅಡ್ಡಿ ಹೇಗಾಗುತ್ತೆ' ಎಂಬ ಪ್ರಶ್ನೆ ಬರುತ್ತದೆ. 6 ಕೋರ್, 12 ಥ್ರೆಡ್ ಇರುವ ಪ್ರೊಸೆಸರ್‌ನಲ್ಲಿ ಗೇಮ್‌ನ ಮುಖ್ಯ ಥ್ರೆಡ್ (ಕೆಲಸದ ಸಾಲು) ಒಂದು ಕೋರನ್ನು ಪೂರ್ತಿ ತುಂಬಿಕೊಂಡು ಉಳಿದವು ಅರೆಬರೆ ಕೆಲಸ ಮಾಡುತ್ತಿದ್ದರೂ ಒಟ್ಟು ಸರಾಸರಿ 45% ಅಂತಲೇ ತೋರಿಸುತ್ತದೆ. ಸಿಪಿಯು ಅಂಕಿಯನ್ನು ಮರೆತು ಜಿಪಿಯು ಅಂಕಿಯನ್ನೇ ನಂಬಿ.

ಪ್ರೊಸೆಸರ್ ಮಿತಿ ಅಂತ ಗೊತ್ತಾದ ಕೂಡಲೇ ಅದನ್ನು ಬದಲಿಸಲು ಓಡಬೇಡಿ, ಮೊದಲು ರ‍್ಯಾಮ್ ನೋಡಿ. 16ಜಿಬಿಯ ಒಂದೇ ಕಡ್ಡಿ ಹಾಕಿದ್ದರೆ ಅರ್ಧ ಬ್ಯಾಂಡ್‌ವಿಡ್ತ್ (ಡೇಟಾ ಸಾಗುವ ವೇಗ) ಅಲ್ಲೇ ಹೋಯಿತು. 8ಜಿಬಿಯ ಎರಡು ಕಡ್ಡಿ, ನಾಲ್ಕು ಸ್ಲಾಟ್ ಇರುವ ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್‌ಗೆ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಮೆಮೊರಿ ಸ್ಪೀಡ್ ನೋಡಿ. 3200ರ ಡಿಡಿಆರ್4 ಕೊಂಡು ಅಲ್ಲಿ 2133 ಅಥವಾ 2400 ಅಂತ ಕಂಡರೆ ಬಯೋಸ್‌ನಲ್ಲಿ (ಬೋರ್ಡ್‌ನ ಮೂಲ ತಂತ್ರಾಂಶ) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಅದರ ಪೂರ್ಣ ವೇಗದಲ್ಲಿ ಓಡಿಸುವ ಸೆಟ್ಟಿಂಗ್ ಆನ್ ಆಗಿಲ್ಲ. ಅಂಗಡಿಯವರು ಎಷ್ಟೋ ಸಲ ಇದನ್ನು ಆನ್ ಮಾಡದೆಯೇ ಪಿಸಿ ಕೊಟ್ಟು ಕಳಿಸುತ್ತಾರೆ. ಇಷ್ಟು ಸರಿಮಾಡಿದರೇ ಪ್ರೊಸೆಸರ್ ಮಿತಿಯ ಗೇಮ್‌ಗಳಲ್ಲಿ, ಅದರಲ್ಲೂ 1 ಪರ್ಸೆಂಟ್ ಲೋ ಅಂಕಿಯಲ್ಲಿ (ಅತಿ ನಿಧಾನದ ಶೇಕಡ 1 ಫ್ರೇಮ್‌ಗಳ ವೇಗ), ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಅದಾದ ಮೇಲೆ ಪ್ರೊಸೆಸರ್. ಬಿ450 ಬೋರ್ಡ್ ಮತ್ತು ಹಳೆಯ ರೈಜನ್ ಇರುವವರಿಗೆ ಬೋರ್ಡ್ ಬದಲಿಸದೆ ರೈಜನ್ 5 5600 ಹಾಕಿಕೊಳ್ಳುವುದು ದುಡ್ಡಿಗೆ ತಕ್ಕ ಕೆಲಸ. ಹಳೆಯ ಪ್ರೊಸೆಸರ್ ತೆಗೆಯುವ ಮುಂಚೆಯೇ ಬಯೋಸ್ ಅಪ್‌ಡೇಟ್ ಮಾಡಬೇಕು. ತೆಗೆದ ಮೇಲೆ ಹೊಸದನ್ನು ಬೋರ್ಡ್ ಗುರುತಿಸದೆ ಪರದೆ ಕಪ್ಪಾಗಿ ಉಳಿದರೆ, ಅಪ್‌ಡೇಟ್ ಮಾಡಲು ಹೆಚ್ಚಿನ ಬೋರ್ಡ್‌ಗಳಲ್ಲಿ ಮತ್ತೆ ಹಳೆಯದನ್ನೇ ಕೂರಿಸಬೇಕು. ಅಪ್‌ಡೇಟ್ ನಡುವೆ ಕರೆಂಟ್ ಹೋದರೆ ಬೋರ್ಡ್ ಕೆಡಬಹುದು, ಹಾಗಾಗಿ ಯುಪಿಎಸ್ ಮೇಲೆಯೇ ಮಾಡಿ.

ಇನ್ನು ದೊಡ್ಡ ಕಾರ್ಡ್ 1080ಪಿಯಲ್ಲೂ ನಿಜವಾಗಿ ಕೆಲಸಕ್ಕೆ ಬರುವ ಜಾಗ. ಅದು ಪಾತ್ ಟ್ರೇಸಿಂಗ್, ಅಂದರೆ ಬೆಳಕಿನ ಕಿರಣಗಳ ದಾರಿಯನ್ನೇ ಲೆಕ್ಕಹಾಕಿ ಚಿತ್ರ ಬಿಡಿಸುವುದು. ಸೈಬರ್‌ಪಂಕ್ 2077ಕ್ಕೆ 2023ರ ಏಪ್ರಿಲ್‌ನಲ್ಲಿ ಬಂದ ಓವರ್‌ಡ್ರೈವ್ ಮೋಡ್ ಅಥವಾ ಅಲನ್ ವೇಕ್ 2ರ ಪಾತ್ ಟ್ರೇಸಿಂಗ್ ಆನ್ ಮಾಡಿದರೆ 1080ಪಿಯಲ್ಲೂ ಮಧ್ಯಮ ಕಾರ್ಡ್ ಏದುಸಿರು ಬಿಡುತ್ತದೆ. ಆ ಬೆಳಕಿಗಾಗಿಯೇ ಆಡುವವರು ಆರ್‌ಟಿಎಕ್ಸ್ 4070 ಸೂಪರ್ ಅಥವಾ 5070 ಮಟ್ಟಕ್ಕೆ ಹೋಗುವುದಕ್ಕೆ ಅರ್ಥವಿದೆ.

1080ಪಿಯಲ್ಲಿ ಕಾರ್ಡನ್ನು ಚೆನ್ನಾಗಿ ದುಡಿಸುವ ಇನ್ನೊಂದು ದಾರಿ ಇನ್ನೂ ಸ್ವಾರಸ್ಯದ್ದು, ನಮ್ಮಲ್ಲಿ ಹೆಚ್ಚು ಜನ ಬಳಸದೇ ಇರುವುದು. ಈಚಿನ ಗೇಮ್‌ಗಳು ಟಿಎಎ (ಹಿಂದಿನ ಫ್ರೇಮ್‌ಗಳನ್ನು ಬೆರೆಸಿ ಅಂಚು ನುಣುಪಾಗಿಸುವ ವಿಧಾನ) ಬಳಸುವುದರಿಂದ 1080ಪಿಯಲ್ಲಿ ಚಿತ್ರ ಮಂಜು ಮುಸುಕಿದ ಹಾಗೆ ಕಾಣುತ್ತದೆ, ದೂರದ ಎಲೆ, ಕೂದಲು, ತಂತಿಬೇಲಿ ಕಲಸಿಹೋಗುತ್ತವೆ. ಆರ್‌ಟಿಎಕ್ಸ್ ಕಾರ್ಡ್ ಇದ್ದರೆ ಎನ್‌ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನ ಮ್ಯಾನೇಜ್ 3ಡಿ ಸೆಟ್ಟಿಂಗ್ಸ್‌ನಲ್ಲಿ ಡಿಎಸ್‌ಆರ್ ಫ್ಯಾಕ್ಟರ್ಸ್ (ಹೆಚ್ಚು ಪಿಕ್ಸೆಲ್‌ನಲ್ಲಿ ಬಿಡಿಸಿ ಮಾನಿಟರ್‌ಗೆ ಕುಗ್ಗಿಸುವ ಸೆಟ್ಟಿಂಗ್) ತೆರೆದು ಡಿಎಲ್ ಸ್ಕೇಲಿಂಗ್ 2.25 ಟಿಕ್ ಮಾಡಿ. ಗೇಮ್‌ನಲ್ಲಿ 2880×1620 ಎಂಬ ಹೊಸ ರೆಸಲ್ಯೂಷನ್ ಸಿಗುತ್ತದೆ. ಬಾರ್ಡರ್‌ಲೆಸ್ ಮಾತ್ರ ಇರುವ ಗೇಮ್ ಆದರೆ ಮೊದಲು ಡೆಸ್ಕ್‌ಟಾಪ್ ರೆಸಲ್ಯೂಷನ್ನೇ ಅದಕ್ಕೆ ಬದಲಿಸಬೇಕು. ಸ್ಮೂತ್‌ನೆಸ್ 0 ಇಟ್ಟರೆ ಅಂಚುಗಳು ಅತಿ ಹರಿತವಾಗಿ ಕಣ್ಣಿಗೆ ಚುಚ್ಚುತ್ತವೆ, 50ರ ಆಸುಪಾಸಿನಿಂದ ಶುರುಮಾಡಿ ಹೊಂದಿಸಿಕೊಳ್ಳಿ. ಈಗ ಅದರ ಮೇಲೆ ಡಿಎಲ್‌ಎಸ್‌ಎಸ್ (ಕಡಿಮೆ ಪಿಕ್ಸೆಲ್ ಬಿಡಿಸಿ ಎಐನಿಂದ ಹಿಗ್ಗಿಸುವುದು) ಕ್ವಾಲಿಟಿ ಹಾಕಿ. 2880×1620ರ ಕ್ವಾಲಿಟಿ ಮೋಡ್ ಒಳಗೆ ಬಿಡಿಸುವುದು 1920×1080ನ್ನೇ! ಅಂದರೆ ನೇಟಿವ್ 1080ಪಿಯಷ್ಟೇ ಪಿಕ್ಸೆಲ್ ಬಿಡಿಸಿ, ಮೇಲೆ ಸ್ವಲ್ಪ ಕೆಲಸ ಸೇರಿಸಿ, ಅದಕ್ಕಿಂತ ಎಷ್ಟೋ ಶುಭ್ರವಾದ ಚಿತ್ರ ಸಿಗುತ್ತದೆ. ಇದಕ್ಕೆ ದೊಡ್ಡ ಕಾರ್ಡೂ ಬೇಡ, ಆರ್‌ಟಿಎಕ್ಸ್ 4060 ಸಹ ಹಲವು ಗೇಮ್‌ಗಳಲ್ಲಿ ತಡೆದುಕೊಳ್ಳುತ್ತದೆ. ಅದೇ 1080ಪಿಯಲ್ಲಿ ನೇರವಾಗಿ ಡಿಎಲ್‌ಎಸ್‌ಎಸ್ ಕ್ವಾಲಿಟಿ ಹಾಕಿದರೆ ಒಳಗೆ ಬಿಡಿಸುವುದು 1280×720, ಪರ್ಫಾರ್ಮೆನ್ಸ್ ಹಾಕಿದರೆ 960×540. ಅಷ್ಟು ಕೆಳಗೆ ಇಳಿಯಬೇಡಿ, ಮುಖಗಳ ವಿವರವೇ ಹೋಗಿಬಿಡುತ್ತದೆ.

ವ್ಯಾಲರಂಟ್, ಸಿಎಸ್2 ಆಡಲು 240 ಹರ್ಟ್ಜ್ ಮಾನಿಟರ್ ಇದೆ, ಅದಕ್ಕೆ ದುಬಾರಿ ಕಾರ್ಡ್ ಬೇಡವೇ ಅನ್ನುವವರಿಗೆ: ಬೇಡ. ಅಲ್ಲಿ ಬೇಕಿರುವುದು ಪ್ರೊಸೆಸರ್. ದೊಡ್ಡ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ) ಇರುವ ರೈಜನ್ 7 5700ಎಕ್ಸ್3ಡಿ ಅಥವಾ 7800ಎಕ್ಸ್3ಡಿ ಜೊತೆ ಮಧ್ಯಮ ಕಾರ್ಡ್ ಇಟ್ಟರೆ, ಐ5-12400ಎಫ್ ಜೊತೆ ದುಬಾರಿ ಕಾರ್ಡ್ ಇಟ್ಟದ್ದಕ್ಕಿಂತ ಈ ಗೇಮ್‌ಗಳು ಚೆನ್ನಾಗಿ ಓಡುತ್ತವೆ.

1080ಪಿಗೆ ಕಾರ್ಡ್ ಕೊಳ್ಳುವವರು ಅದರ ದರ್ಜೆಗಿಂತ ಹೆಚ್ಚು ಯೋಚಿಸಬೇಕಾದ್ದು ವಿಡಿಯೊ ಮೆಮೊರಿಯ ಬಗ್ಗೆ. ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1, 2023ರ ಮಾರ್ಚ್‌ನಲ್ಲಿ ಪಿಸಿಗೆ ಬಂದಾಗ 8ಜಿಬಿ ಕಾರ್ಡ್‌ಗಳು 1080ಪಿ ಅಲ್ಟ್ರಾದಲ್ಲೇ ತಡಬಡಾಯಿಸಿದವು. ಪ್ಯಾಚ್‌ಗಳು ಬಂದು ಆ ಗೇಮ್ ಸುಧಾರಿಸಿತು, ಆದರೆ ಮೆಮೊರಿ ಕೇಳುವ ಗೇಮ್‌ಗಳು ಆಮೇಲೂ ಬರುತ್ತಲೇ ಇವೆ. ತುಂಬಿದಾಗ ಆಗುವುದೇನೆಂದರೆ, ಮಿಕ್ಕಿದ ಟೆಕ್ಸ್ಚರ್‌ಗಳು (ವಸ್ತುಗಳ ಮೈಮೇಲಿನ ಚಿತ್ರ) ಪಿಸಿಯ ರ‍್ಯಾಮ್‌ನಲ್ಲಿ ಕೂತು ಪಿಸಿಐಇ, ಅಂದರೆ ಬೋರ್ಡ್‌ಗೂ ಕಾರ್ಡ್‌ಗೂ ನಡುವಿನ ದಾರಿಯ ಮೂಲಕ ಓಡಾಡುತ್ತವೆ. ಆರ್‌ಟಿಎಕ್ಸ್ 4060ರ ಸ್ವಂತ ಮೆಮೊರಿಯ ವೇಗ ಸೆಕೆಂಡಿಗೆ 272 ಜಿಬಿ. ಪಿಸಿಐಇ ದಾರಿಯಲ್ಲಿ ಆ ಕಾರ್ಡ್‌ಗೆ ಇರುವುದು 8 ಲೇನ್ ಮಾತ್ರ. ಬಿ450ಯಂಥ ಪಿಸಿಐಇ 3.0 ಬೋರ್ಡ್‌ನಲ್ಲಿ ಅದರಿಂದ ಸಿಗುವುದು ಸೆಕೆಂಡಿಗೆ 8 ಜಿಬಿಗೂ ಕಡಿಮೆ. ಫ್ರೇಮ್‌ಟೈಮ್ ಗ್ರಾಫ್‌ನಲ್ಲಿ ಮುಳ್ಳುಗಳು ಏಳುವುದು ಆಗಲೇ. ಕೆಲವು ಗೇಮ್‌ಗಳಲ್ಲಿ ಮುಳ್ಳೂ ಏಳುವುದಿಲ್ಲ, ಸದ್ದಿಲ್ಲದೆ ಮಸುಕು ಟೆಕ್ಸ್ಚರ್ ಹಾಕಿ ಫ್ರೇಮ್‌ರೇಟ್ ಉಳಿಸಿಕೊಳ್ಳುತ್ತವೆ, ಅಂಕಿ ಮಾತ್ರ ನೋಡುವವರಿಗೆ ಗೊತ್ತೇ ಆಗುವುದಿಲ್ಲ. ಪರಿಹಾರ ಸರಳ: ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿ, ಉಳಿದ ಸೆಟ್ಟಿಂಗ್ ಮುಟ್ಟಬೇಡಿ. ಫ್ರೇಮ್ ಜನರೇಷನ್ ಕೂಡ ಮೆಮೊರಿ ತಿನ್ನುತ್ತದೆ ಅನ್ನುವುದು ನೆನಪಿರಲಿ, ಮೊದಲೇ ತುಂಬಿದ 8ಜಿಬಿ ಕಾರ್ಡ್‌ನಲ್ಲಿ ಅದನ್ನು ಆನ್ ಮಾಡಿದರೆ ಓಟ ಇನ್ನೂ ಕೆಡುತ್ತದೆ.

ಹಾಗಾಗಿ ಹೊಸ ಕಾರ್ಡ್ ಕೊಳ್ಳುವವರಿಗೆ ನನ್ನ ಆಯ್ಕೆ ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ 16ಜಿಬಿ ಅಥವಾ ಆರ್‌ಟಿಎಕ್ಸ್ 5060 ಟಿಐ 16ಜಿಬಿ. ಎರಡಕ್ಕೂ ಅದೇ ಹೆಸರಿನ 8ಜಿಬಿ ಮಾದರಿಯೂ ಇದೆ, ಬಿಲ್ ಹಾಕಿಸುವಾಗ ಡಬ್ಬದ ಮೇಲೆ ಓದಿ. ಹಳೆಯ ಪಿಸಿಐಇ 3.0 ಬೋರ್ಡ್ ಇದ್ದರೆ 16 ಲೇನ್ ಇರುವ 9060 ಎಕ್ಸ್‌ಟಿ ಮೇಲು. ಇದಕ್ಕೂ 5080ಕ್ಕೂ ನಡುವಿನ ಬೆಲೆಯ ಅಂತರದಲ್ಲಿ 27 ಇಂಚಿನ 1440ಪಿ, 165 ಅಥವಾ 180 ಹರ್ಟ್ಜ್ ಮಾನಿಟರ್ ಬಂದು ಇನ್ನೂ ದುಡ್ಡು ಮಿಗುತ್ತದೆ. 24 ಇಂಚಿನ 1080ಪಿಯಲ್ಲಿ ಇಂಚಿಗೆ 92 ಪಿಕ್ಸೆಲ್, 27 ಇಂಚಿನ 1440ಪಿಯಲ್ಲಿ 109. ಗೇಮ್ ಆಡದ ಹೊತ್ತಿನಲ್ಲಿ ಕನ್ನಡ ಅಕ್ಷರಗಳ ಒತ್ತಕ್ಷರ ಓದುವಾಗಲೂ ಈ ವ್ಯತ್ಯಾಸ ಹಿತವೆನಿಸುತ್ತದೆ. 27 ಇಂಚಿನ 1080ಪಿ ಮಾತ್ರ ಬೇಡ, ಇಂಚಿಗೆ 82ಕ್ಕೆ ಇಳಿಯುತ್ತದೆ.

ಹೊಸ ಮಾನಿಟರ್ ತಂದ ಮೇಲೆ ಕೇಬಲ್ ಮದರ್‌ಬೋರ್ಡ್‌ಗೆ ಅಲ್ಲ, ಕಾರ್ಡ್‌ಗೆ ಚುಚ್ಚಿ, ಡಿಸ್‌ಪ್ಲೇಪೋರ್ಟ್ ಬಳಸಿ. ವಿಂಡೋಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇಯಲ್ಲಿ ರಿಫ್ರೆಶ್ ರೇಟ್ ನೀವೇ ಬದಲಿಸಬೇಕು. 144ರ ಮಾನಿಟರ್ ವರ್ಷಗಟ್ಟಲೆ 60ರಲ್ಲೇ ಓಡುತ್ತಿರುವ ಮನೆಗಳಿವೆ.

ಕರೆಂಟಿನ ಮಾತು. ಆರ್‌ಟಿಎಕ್ಸ್ 4060 ಗರಿಷ್ಠ 115 ವ್ಯಾಟ್, 4090 ಗರಿಷ್ಠ 450, 5090 ಆದರೆ 575. ಫ್ರೇಮ್ ಮಿತಿ ಹಾಕಿದರೆ ದೊಡ್ಡ ಕಾರ್ಡೂ ಅಷ್ಟು ಎಳೆಯುವುದಿಲ್ಲ, ನಿಜ. ಮಿತಿ ಹಾಕದೆ 200 ವ್ಯಾಟ್ ಹೆಚ್ಚುವರಿ ಎಳೆದು ದಿನಕ್ಕೆ 4 ಗಂಟೆ ಆಡಿದರೆ ತಿಂಗಳಿಗೆ 24 ಯೂನಿಟ್. ಗೃಹಜ್ಯೋತಿಯ ಮನೆಗಳಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕಾದ್ದರಿಂದ ಈ 24 ಸಣ್ಣದಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ, ಕಂಪ್ಯೂಟರ್ ಟೇಬಲ್‌ನ ಮುಚ್ಚಿದ ಗೂಡಿನಲ್ಲಿ ಕ್ಯಾಬಿನೆಟ್ ಇಟ್ಟರೆ ಈ ವ್ಯಾಟ್ ಎಲ್ಲ ಶಾಖವಾಗಿ ಅಲ್ಲೇ ಸುತ್ತುತ್ತದೆ.

ಮನೆಯ 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟ್ ಮಾತ್ರ ಹೊರುತ್ತದೆ. ಮಧ್ಯಮ ಕಾರ್ಡ್‌ನ ಪಿಸಿ ಅದರಲ್ಲಿ ಹೇಗೋ ಉಳಿಯುತ್ತದೆ, 4090 ಇದ್ದರೆ ಕರೆಂಟ್ ಹೋದ ಕ್ಷಣವೇ ಬೀಪ್ ಅಂದು ಎಲ್ಲ ಆಫ್. ಮನೆಯ ಇನ್ವರ್ಟರ್‌ಗೆ ಜೋಡಿಸಿದ್ದರೆ ಅದನ್ನು ಯುಪಿಎಸ್ ಮೋಡ್‌ಗೆ ಹಾಕಿ, ಕರೆಂಟ್ ಹೋದಾಗ ಬೇಗ ಬ್ಯಾಟರಿಗೆ ಬದಲಾಗುತ್ತದೆ. ಎಸ್‌ಎಂಪಿಎಸ್ ತನ್ನಲ್ಲಿರುವ ಚಾರ್ಜ್‌ನಿಂದ ತಡೆದುಕೊಳ್ಳುವುದು 16, 17 ಮಿಲಿಸೆಕೆಂಡ್‌ನ ಆಸುಪಾಸು, ಲೋಡ್ ಹೆಚ್ಚಿದಷ್ಟೂ ಅದು ಬೇಗ ಬರಿದಾಗುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವವರು ಆರ್‌ಟಿಎಕ್ಸ್ 3060 12ಜಿಬಿ, ಆರ್‌ಎಕ್ಸ್ 6600 ವಿಚಾರಿಸಬಹುದು. ಗ್ರಾಫಿಕ್ಸ್ ಕಾರ್ಡ್ ಬಳಸಿ ನಡೆಯುತ್ತಿದ್ದ ಎಥೀರಿಯಂ (ಒಂದು ಕ್ರಿಪ್ಟೊ ನಾಣ್ಯ) ಮೈನಿಂಗ್ 2022ರ ಸೆಪ್ಟೆಂಬರ್‌ನಲ್ಲಿ ನಿಂತಾಗ ಕೈಬದಲಾದ ಕಾರ್ಡ್‌ಗಳು ಇನ್ನೂ ಓಡಾಡುತ್ತಿವೆ. ಮೈನಿಂಗ್ ಆಗಿದ್ದರೆ ಮೊದಲು ಸೊರಗುವುದು ಫ್ಯಾನ್ ಬೇರಿಂಗ್ ಮತ್ತು ಥರ್ಮಲ್ ಪ್ಯಾಡ್. ಭಾರದ ಗೇಮ್ ಅರ್ಧ ಗಂಟೆ ಓಡಿಸಿ ಜಿಪಿಯು-ಝಡ್ ಎಂಬ ತಂತ್ರಾಂಶದಲ್ಲಿ ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗದ ತಾಪ) ನೋಡಿ. ಅದಕ್ಕೂ ಕೋರ್ ತಾಪಕ್ಕೂ 25 ಡಿಗ್ರಿಗಿಂತ ಹೆಚ್ಚು ಅಂತರ ಇದ್ದರೆ ಚಿಪ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿರುವ ಸಾಧ್ಯತೆ ಹೆಚ್ಚು, ಬೆಲೆ ಇಳಿಸಿ ಕೇಳಿ. ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋಗಿ ತರುವುದಾದರೆ ಜಿಎಸ್‌ಟಿ ಬಿಲ್‌ನಲ್ಲಿ ಕಾರ್ಡ್‌ನ ಸೀರಿಯಲ್ ನಂಬರ್ ಬರೆಸಿಕೊಂಡು, ಅದು ಡಬ್ಬದ ಮೇಲಿನದಕ್ಕೂ ಕಾರ್ಡ್ ಹಿಂದಿನ ಸ್ಟಿಕ್ಕರ್‌ಗೂ ಹೊಂದುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. ಹೊಂದದಿದ್ದರೆ ವಾರಂಟಿಗೆ ಕೇಳಲು ಹೋದ ದಿನ ತಕರಾರು ಖಂಡಿತ.