ಬೊಡ್ಡೆಯ ಕೊನೆಯ ಎರಡು ಇಂಚು

ಹಿತ್ತಲಲ್ಲಿ ಮೂರು ಬೊಡ್ಡೆಗಳಿದ್ದವು. ಮರ ಕಡಿದವರು ಗೇಣೆತ್ತರ ಬಿಟ್ಟು ಹೋಗಿದ್ದರು. ಬಗ್ಗೋಕೆ ಅವರಿಗೆ ಸೊಂಟ ನೋವು, ಎಡವೋಕೆ ನಾನಿದ್ದೀನಲ್ಲ! ಹುಲ್ಲು ಬೆಳೆದರೆ ಕಾಣೋದೇ ಇಲ್ಲ. ಎರಡು ಸಲ ಕಾಲ್ಬೆರಳು ಜಜ್ಜಿಕೊಂಡ ಮೇಲೆ ಚೈನ್‌ಸಾ ಹೊರತೆಗೆದೆ.

ಮೊದಲನೇ ಬೊಡ್ಡೆ ಹತ್ತಿರ ನಾನು ಮಾಡಿದ್ದು ಶುದ್ಧ ಪೆದ್ದತನ. ಗರಗಸವನ್ನು ಅಡ್ಡ ಮಲಗಿಸಿ, ನೆಲಕ್ಕೆ ಸವರುವ ಹಾಗೆ ನೇರ ನುಗ್ಗಿಸಿದೆ. ಅರ್ಧ ದಾರಿಯವರೆಗೆ ದಪ್ಪ ಚಕ್ಕೆಗಳು ಹಾರುತ್ತಿದ್ದವು. ಆಮೇಲೆ ಬರೀ ಹಿಟ್ಟಿನಂಥ ಪುಡಿ, ಜೊತೆಗೆ ಸ್ವಲ್ಪ ಹೊಗೆ. ಬಾರ್‌ನ, ಅಂದರೆ ಚೈನ್ ಸುತ್ತಿ ಓಡುವ ಉದ್ದನೆಯ ಲೋಹದ ಪಟ್ಟಿಯ, ತುದಿ ಆಚೆ ಬದಿಯಲ್ಲಿ ಮಣ್ಣಿಗಿಳಿದಿತ್ತು. ಈಚೆ ನಿಂತವನಿಗೆ ಅದು ಹೇಗೆ ಕಾಣಬೇಕು? ಚೈನ್ ಓಡೋದು ಸೆಕೆಂಡಿಗೆ ಸುಮಾರು 20 ಮೀಟರ್. ಮಣ್ಣಲ್ಲಿ ಎರಡು ಕ್ಷಣ ಇದ್ದರೂ ಸಾಕು, ಹಲ್ಲಿನ ಮೊನೆ ಹೋಯಿತು ಅಂತಲೇ ಲೆಕ್ಕ.

ತಮಾಷೆ ಅಂದ್ರೆ, ನಾನು ಇನ್ನೂ ಒತ್ತುತ್ತಲೇ ಇದ್ದೆ. ಕೊಯ್ತ ನಿಧಾನವಾಗಿ ಮೇಲಕ್ಕೆ ಬಾಗತೊಡಗಿತು. ಕಾರಣ ಆಮೇಲೆ ಹೊಳೆಯಿತು. ಚೈನ್‌ನಲ್ಲಿ ಒಂದು ಹಲ್ಲು ಎಡಕ್ಕೆ, ಒಂದು ಬಲಕ್ಕೆ ಇರುತ್ತದೆ. ಗರಗಸ ಮಲಗಿದಾಗ ಒಂದು ಸಾಲು ನೆಲದ ಕಡೆ, ಇನ್ನೊಂದು ಆಕಾಶದ ಕಡೆ. ಮಣ್ಣು ತಿಂದಿದ್ದು ಕೆಳಗಿನ ಸಾಲು. ಚೂಪಾಗಿ ಉಳಿದ ಮೇಲಿನ ಸಾಲು ಬಾರನ್ನು ತನ್ನ ಕಡೆಗೇ ಎಳೆಯುತ್ತಿತ್ತು.

ನನ್ನ ಚೈನ್‌ನಲ್ಲಿ 28 ಹಲ್ಲು. 4 ಮಿ.ಮೀ. ದುಂಡು ಅರ ಹಿಡಿದು, 30 ಡಿಗ್ರಿ ಓರೆಯಲ್ಲಿ ಒಂದೊಂದನ್ನೇ ಉಜ್ಜುತ್ತಾ ಕೂತೆ. ಅಂಚನ್ನು ಬೆಳಕಿಗೆ ಹಿಡಿದಾಗ ಬಿಳಿ ಗೆರೆ ಮಿನುಗಿದರೆ ಅದು ಇನ್ನೂ ಮೊಂಡು. ಚೂಪಾದ ಅಂಚು ಹೊಳೆಯೋದಿಲ್ಲ. ಬೆನ್ನು ಹಿಡಿದುಕೊಂಡಿತು, ಅದು ಬಿಡಿ.

ಎರಡನೇ ಬೊಡ್ಡೆಗೆ ಮೊದಲು ತಂದಿದ್ದು ಗುದ್ದಲಿ. ಸುತ್ತಲೂ ಅಂಗೈ ಅಗಲ ಮಣ್ಣು ತೆಗೆದೆ, ಕೊಯ್ಯಬೇಕಾದ ಗೆರೆಗಿಂತ ನಾಲ್ಕು ಬೆರಳು ಕೆಳಗಿನ ತನಕ. ಬೇರುಗಳ ಸಂದಿಯಲ್ಲಿ ಎರಡು ಕಲ್ಲು ಸಿಕ್ಕವು. ಮೊದಲೇ ಗರಗಸ ಇಟ್ಟಿದ್ದರೆ ಅವು ಚೈನ್‌ಗೇ ಸಿಗುತ್ತಿದ್ದವು! ಅಲ್ಲಿಗೂ ಮುಗಿಯಲಿಲ್ಲ. ಮಳೆಯಲ್ಲಿ ಸಿಡಿದ ಮಣ್ಣೆಲ್ಲ ತೊಗಟೆಯ ಬಿರುಕಲ್ಲಿ ಕೂತಿರುತ್ತದೆ. ಅದಕ್ಕೇ ಕೊಡಲಿಯಿಂದ ತೊಗಟೆ ಎಬ್ಬಿಸಿ, ತಂತಿ ಬ್ರಷ್‌ನಲ್ಲಿ ತಿಕ್ಕಿದೆ. ಮುಕ್ಕಾಲು ಗಂಟೆ ಹೋಯಿತು. ಗರಗಸ ಇನ್ನೂ ಶುರುವಾಗಿರಲಿಲ್ಲ.

ಆಮೇಲೆ ಮೇಲಿನಿಂದ ಕೆಳಕ್ಕೆ ಚೌಕಳಿ ಹಾಕಿದ ಹಾಗೆ ಸೀಳುಗಳನ್ನು ಕೊಯ್ದು, ಕೊನೆಯ ಗೆರೆ ಬರುವ ಮೊದಲೇ ನಿಲ್ಲಿಸಿದೆ. ಈಗ ಅಡ್ಡ ಕೊಯ್ದರೆ ಬೊಡ್ಡೆ ತುಂಡು ತುಂಡಾಗಿ ಬಿಡುತ್ತದೆ, ಬಾರ್ ಸಿಕ್ಕಿಕೊಳ್ಳುವ ಭಯ ಕಡಿಮೆ, ತುದಿ ಎಲ್ಲಿದೆ ಅಂತಲೂ ಕಾಣುತ್ತದೆ. ಗರಗಸ ಮಲಗಿಸುವಾಗ ಬಲಬದಿ, ಅಂದರೆ ಚೈನ್ ಮುಚ್ಚಳದ ಬದಿ, ನೆಲಕ್ಕೆ ಬರಬೇಕು. ಬಾರ್ ಇರೋದು ಆ ಕಡೆಗೇ. ತಿರುಗಿಸಿ ಮಲಗಿಸಿದರೆ ಇಂಜಿನ್ ಅಡಿಗೆ ಬಂದು ಬಾರ್ ಸುಮ್ನೆ ಮೇಲೆ ನಿಲ್ಲುತ್ತದೆ.

ತುದಿಯ ಭಯ ಮಾತ್ರ ಕೊನೆವರೆಗೂ ಹೋಗಲಿಲ್ಲ. ಬಾರ್‌ನ ತುದಿಯ ಮೇಲರ್ಧ ಬೇರಿಗೋ ಕಲ್ಲಿಗೋ ತಾಗಿದರೆ ಗರಗಸ ಒದೆಯುತ್ತದೆ. ಎತ್ತಿ ಹಿಡಿದಾಗ ಆ ಒದೆ ಮುಖದ ಕಡೆಗೆ ಬರುತ್ತದೆ. ಮಲಗಿಸಿ ಹಿಡಿದಾಗ ಪಕ್ಕಕ್ಕೆ, ಕಾಲಿನ ಎತ್ತರದಲ್ಲೇ. ಹಾಗಾಗಿ ಕನ್ನಡಕ, ಬೂಟಿನ ಜೊತೆ ಚೈನ್ ತಡೆಯುವ ಕಾಲುಗವಸನ್ನೂ ಬಿಗಿದುಕೊಂಡಿದ್ದೆ. ಸೆಖೆ ಜಾಸ್ತಿ, ಆದರೂ ತೆಗೆಯಲಿಲ್ಲ.

ಕೊನೆಯ ಎರಡು ಇಂಚಿಗೆ ಸವೆದು ಮುಗಿಯುತ್ತ ಬಂದ ಹಳೇ ಚೈನ್ ಹಾಕಿದೆ. ಹೋದರೆ ಅದೇ ಹೋಗಲಿ ಅಂತ. ಹೋಗಲಿಲ್ಲ. ಕೊಯ್ದ ಜಾಗ ಅಂಗೈಯಲ್ಲಿ ಸವರಿದರೆ ಸ್ವಲ್ಪ ತೇವ, ಸ್ವಲ್ಪ ತರಿ, ನೆಲಕ್ಕಿಂತ ಒಂದು ಬೆರಳು ಕೆಳಗೆ. ಮಣ್ಣೆಳೆದು ಮುಚ್ಚಿದೆ.

ಮೂರನೆಯದು ಬೇಲಿ ಪಕ್ಕದ್ದು. ತೊಗಟೆಯೊಳಗಿಂದ ತುಕ್ಕು ಹಿಡಿದ ತಂತಿಯೊಂದು ಇಣುಕುತ್ತಿದೆ. ಅದರ ತಂಟೆಗೆ ಹೋಗಿಲ್ಲ. ಎಡವಬಾರದು ಅಂತ ಮೇಲೆ ಒಂದು ಹೂಕುಂಡ ಇಟ್ಟಿದ್ದೇನೆ.