ಟೋಲ್ ರೋಡ್ ಮಾಡೆಲ್‌ನಲ್ಲಿ ನಾನು ಮೊದಲು ನೋಡೋ ಸಾಲು

ಟೋಲ್ ರೋಡ್ ಪ್ರಾಜೆಕ್ಟ್‌ದು ಎಕ್ಸೆಲ್ ಮಾಡೆಲ್ ಯಾರಾದ್ರೂ ಕಳಿಸಿದ್ರೆ ನಾನು ಐಆರ್‌ಆರ್ (ಹಾಕಿದ ದುಡ್ಡಿಗೆ ವರ್ಷಕ್ಕೆ ಶೇಕಡಾ ಎಷ್ಟು ಲಾಭ ಅನ್ನೋ ನಂಬರ್) ಎಷ್ಟಿದೆ ಅಂತ ನೋಡೋಕೇ ಹೋಗಲ್ಲ, ಸೀದಾ ಟ್ರಾಫಿಕ್ ಶೀಟು, ಅದ್ರಲ್ಲೂ ಮೊದಲ ಮೂರ್ನಾಲ್ಕು ವರ್ಷದ ಕಾಲಂ. 25ನೇ ವರ್ಷದಲ್ಲಿ ಎಷ್ಟು ಗಾಡಿ ಓಡತ್ತೆ ಅನ್ನೋದು ಡಿಸ್ಕೌಂಟ್ ಆಗಿ ಆಗಿ (ದೂರದ ವರ್ಷದ ದುಡ್ಡಿಗೆ ಇವತ್ತಿನ ಲೆಕ್ಕದಲ್ಲಿ ಬೆಲೆ ಕಮ್ಮಿ) ಪುಡಿಯಾಗಿರತ್ತೆ, ಆದ್ರೆ ರಸ್ತೆ ಓಪನ್ ಆದ ವರ್ಷವೇ ಗಾಡಿ ಬರಲಿಲ್ಲ ಅಂದ್ರೆ ಬ್ಯಾಂಕ್ ಕಂತು ಕಾಯಲ್ಲ.

ಶುರುವಲ್ಲಿ ನಾನೂ ಉಲ್ಟಾನೇ ಮಾಡ್ತಿದ್ದೆ. ಸರ್ಕ್ಯುಲಾರಿಟಿ ಬಿಡಿಸೋದ್ರಲ್ಲೇ ವಾರಗಟ್ಟಲೆ ಕೂತಿದ್ದೀನಿ. ರಸ್ತೆ ಕಟ್ಟೋ ಟೈಮಲ್ಲಿ ಸಾಲದ ಮೇಲೆ ಬೀಳೋ ಬಡ್ಡೀನೂ ಪ್ರಾಜೆಕ್ಟ್ ಖರ್ಚಿಗೇ ಸೇರತ್ತೆ, ಖರ್ಚು ಏರಿದ್ರೆ ಸಾಲ ಏರತ್ತೆ, ಸಾಲ ಏರಿದ್ರೆ ಮತ್ತೆ ಬಡ್ಡಿ, ಹೀಗೆ ತನ್ನ ಬಾಲ ತಾನೇ ಕಚ್ಕೊಂಡು ಸುತ್ತತ್ತೆ. ಎಕ್ಸೆಲ್‌ನಲ್ಲಿ ಇಟರೇಟಿವ್ ಕ್ಯಾಲ್ಕುಲೇಷನ್ (ಅದೇ ಲೆಕ್ಕ ಮತ್ತೆ ಮತ್ತೆ ಹಾಕೋ ಸೆಟ್ಟಿಂಗ್) ಆನ್ ಮಾಡಿ ಕೈ ತೊಳ್ಕೊಳ್ಳೋರಿದ್ದಾರೆ, ದಯವಿಟ್ಟು ಬೇಡ, ಒಂದು ಸೆಲ್‌ಗೆ ಎರರ್ ಬಿತ್ತು ಅಂದ್ರೆ ಇಡೀ ಸುತ್ತಿಗೆ ಅಂಟ್ಕೊಂಡು ಬಿಡಲ್ಲ. ಕಾಪಿ ಪೇಸ್ಟ್ ಮ್ಯಾಕ್ರೋ ಬರ್ಕೊಳ್ಳಿ. ಇಷ್ಟೆಲ್ಲ ಒದ್ದಾಡಿ ಬಡ್ಡಿನ ಪೈಸೆ ಲೆಕ್ಕದಲ್ಲಿ ಕೂರಿಸಿದ್ದೆ, ಟ್ರಾಫಿಕ್ ಮಾತ್ರ ಕನ್ಸಲ್ಟೆಂಟ್ ಕೊಟ್ಟ ಪಿಡಿಎಫ್ ನೋಡ್ಕೊಂಡು ಹಾಗೇ ಟೈಪ್ ಮಾಡಿದ್ದೆ!

ಸಣ್ಣ ಲೆಕ್ಕ ಹಾಕಿ ನೋಡಿ. ವರ್ಷದ ಟೋಲ್ ಆದಾಯ 100, ನಿರ್ವಹಣೆ ಖರ್ಚು 25, ಉಳಿಯೋದು 75. ಡಿಎಸ್‌ಸಿಆರ್ (ಹೀಗೆ ಉಳಿಯೋ ದುಡ್ಡು ವರ್ಷದ ಕಂತಿನ ಎಷ್ಟು ಪಟ್ಟು ಅನ್ನೋದು) 1.3 ಬೇಕು ಅಂತ ಬ್ಯಾಂಕ್ ಅಂದ್ರೆ ಅಸಲು ಬಡ್ಡಿ ಸೇರಿ ವರ್ಷಕ್ಕೆ ಸುಮಾರು 57.7 ಕಟ್ಟೋ ಅಷ್ಟು ಸಾಲ ಸಿಗತ್ತೆ. ಈಗ ಗಾಡಿ 20% ಕಮ್ಮಿ ಬಂತು ಅಂದ್ಕೊಳ್ಳಿ. ಆದಾಯ 80ಕ್ಕೆ ಇಳೀತು, ಖರ್ಚು ಹೆಚ್ಚುಕಮ್ಮಿ ಅಷ್ಟೇ (ಗಾಡಿ ಕಮ್ಮಿ ಅಂತ ಅರ್ಧ ರಸ್ತೆಗೆ ಲೈಟ್ ಆರಿಸೋಕಾಗತ್ತಾ), ಉಳಿದಿದ್ದು 55. ಕಂತಿಗೇ ಸಾಲಲ್ಲ, ಶೇರ್ ಹಾಕಿದವ್ರ ಮಾತು ಬಿಡಿ.

20% ಎಲ್ಲ ಎಲ್ಲಿ ಬೀಳತ್ತೆ ಅಂತೀರಾ? ಟ್ರಾಫಿಕ್ ಅಂದಾಜು ಪರೀಕ್ಷಿಸೋ ರಾಬರ್ಟ್ ಬೇನ್ ಅನ್ನೋರು ಸ್ಟ್ಯಾಂಡರ್ಡ್ ಅಂಡ್ ಪೂರ್ಸ್ ಅನ್ನೋ ರೇಟಿಂಗ್ ಕಂಪನಿಗೆ ನೂರಕ್ಕೂ ಹೆಚ್ಚು ಪ್ರಾಜೆಕ್ಟ್ ನೋಡಿ 2005ರಲ್ಲಿ ಕೊಟ್ಟ ಲೆಕ್ಕದಲ್ಲಿ ಮೊದಲ ವರ್ಷ ನಿಜವಾಗಿ ಬಂದ ಗಾಡಿ, ಅಂದಾಜಿನ ಸರಾಸರಿ 0.77 ಪಟ್ಟು. ಸಿಡ್ನಿಯ ಕ್ರಾಸ್ ಸಿಟಿ ಟನಲ್‌ಗೆ ದಿನಕ್ಕೆ ಸುಮಾರು 90 ಸಾವಿರ ಗಾಡಿ ಅಂದಿದ್ರು, ಬಂದಿದ್ದು 30 ಸಾವಿರದ ಆಸುಪಾಸು. 2005ರ ಆಗಸ್ಟ್‌ನಲ್ಲಿ ಓಪನ್ ಆಯ್ತು, 2006 ಮುಗಿಯೋದ್ರೊಳಗೆ ರಿಸೀವರ್ (ಸಾಲ ಕೊಟ್ಟವ್ರ ಪರವಾಗಿ ಕಂಪನಿ ವಹಿಸ್ಕೊಳ್ಳೋರು) ಕೈಗೆ ಹೋಯ್ತು.

ಇದ್ರಲ್ಲಿ ಕನ್ಸಲ್ಟೆಂಟ್ ಒಬ್ರನ್ನೇ ಬೈಯೋದು ನನಗೆ ಸರಿ ಅನ್ಸಲ್ಲ. ಬಿಡ್ ಅಂದ್ರೆ ಹಂಗೇ, ಯಾರ ಅಂದಾಜು ಎಲ್ಲರಿಗಿಂತ ಮೇಲಿದ್ಯೋ ಅವರೇ ಜಾಸ್ತಿ ದುಡ್ಡು ಕೊಡ್ತೀವಿ ಅಂತಾರೆ, ಅವರೇ ಗೆಲ್ತಾರೆ, ಅಂದ್ರೆ ತಪ್ಪು ಲೆಕ್ಕಕ್ಕೇ ಬಹುಮಾನ. ಅದರ ಮೇಲೆ ರಾಂಪ್‌ಅಪ್ (ಹೊಸ ರಸ್ತೆಗೆ ಗಾಡಿ ನಿಧಾನಕ್ಕೆ ಏರೋ ಶುರುವಿನ ಕಾಲ) ಬೇರೆ, ಪಕ್ಕದಲ್ಲಿ ಫ್ರೀ ರಸ್ತೆ ಇರೋವಾಗ ಹತ್ತು ನಿಮಿಷ ಉಳ್ಸೋಕೆ ದುಡ್ಡು ಕೊಡೋ ಅಭ್ಯಾಸ ಜನಕ್ಕೆ ಒಂದೇ ದಿನಕ್ಕೆ ಬರಲ್ಲ.

ಈಗ ನಾನು ಗೋಲ್ ಸೀಕ್ (ಬೇಕಾದ ಉತ್ತರ ಕೊಟ್ರೆ ಅದಕ್ಕೆ ಬೇಕಾದ ನಂಬರ್ ಹುಡುಕೋ ಎಕ್ಸೆಲ್ ಸೌಲಭ್ಯ) ಹಾಕಿ ಟ್ರಾಫಿಕ್ ಎಷ್ಟು ಬಿದ್ರೆ ಡಿಎಸ್‌ಸಿಆರ್ 1ಕ್ಕೆ ಬರತ್ತೆ ಅಂತ ಹುಡುಕಿ, ಆ ನಂಬರ್ನ ಮೊದಲ ಪೇಜಲ್ಲೇ ಐಆರ್‌ಆರ್ ಪಕ್ಕ ಹಾಕ್ತೀನಿ. ಮೇಲಿನ ಲೆಕ್ಕದಲ್ಲಿ ಅದು 17% ಚಿಲ್ಲರೆ. ಮೀಟಿಂಗಲ್ಲಿ ಅದನ್ನ ಓದಿದ್ಮೇಲೆ ಯಾರೂ ಐಆರ್‌ಆರ್ ಬಗ್ಗೆ ಕೇಳಲ್ಲ.